ಶಾಲೆ ಬಿಟ್ಟ ಮಗಳು, ಶಾಲೆಗೆ ಹೋಗುವ ಮಗ

(ಮಹಿಳಾ ವಿಭಾಗದ ತಿಂಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



'ಅನ್‌ಸ್ಕೂಲಿಂಗ್ ಬಗ್ಗೆ ಅರ್ಧ ಗಂಟೆ ಮಾತಾಡಿ' ಅಂತ ಕಾರ್ಯದರ್ಶಿಯವರು ಹೇಳಿದರು. ಮರುದಿನ ಮತ್ತೆ ಫೋನ್ ಮಾಡಿ, 'ಆಮಂತ್ರಣದಲ್ಲಿ ಹಾಕಬೇಕು, ಇದಕ್ಕೆ ಕನ್ನಡದಲ್ಲಿ ಏನಂತೀರಿ?' ಅಂದರು. ನನಗೆ ಹೊಳೆಯಲಿಲ್ಲ. 'ಶಾಲಾರಹಿತ ಕಲಿಕೆ' ಅಂದರೆ ಸರಕಾರಿ ಸುತ್ತೋಲೆ ಓದಿದ ಹಾಗಾಗುತ್ತದೆ. ನಮ್ಮ ಅತ್ತೆ 'ಮನೀ ಸಾಲಿ' ಅಂತಾರೆ. ಕೇಳಲು ಚೆಂದ, ಆದರೆ ಅರ್ಥ ಸ್ವಲ್ಪ ಬೇರೆ. ಮನೆಯಲ್ಲೇ ವೇಳಾಪಟ್ಟಿ ಹಾಕಿ, ಪಠ್ಯಪುಸ್ತಕ ತಂದು, ಅಮ್ಮನೇ ಟೀಚರ್ ಆಗಿ ಕಲಿಸಿದರೆ ಅದು ಹೋಮ್‌ಸ್ಕೂಲಿಂಗ್. ಅನ್‌ಸ್ಕೂಲಿಂಗ್‌ನಲ್ಲಿ ಆ ವೇಳಾಪಟ್ಟಿಯೂ ಇರುವುದಿಲ್ಲ. ಮಗುವಿಗೆ ಯಾವುದರಲ್ಲಿ ಆಸಕ್ತಿಯೋ ಅದರ ಹಿಂದೆ ಹೋಗಲು ಬಿಡುವುದು, ಬೇಕಾದ ಸಾಮಾನು, ಸಮಯ, ಜನರ ಒಡನಾಟ ಒದಗಿಸುವುದು. ದೊಡ್ಡವರ ಕೆಲಸ ಅಷ್ಟು. ಹೇಳಲು ಒಂದು ವಾಕ್ಯ. ಮಾಡಲು ಕೂತರೆ ದಿನಕ್ಕೆ ಹತ್ತು ಸಲ ನಾಲಿಗೆ ಕಚ್ಚಿಕೊಳ್ಳಬೇಕು.

ಈ ಪದವನ್ನು 1970ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ಜಾನ್ ಹೋಲ್ಟ್. ಅವರು ಶಾಲೆಯ ಮೇಷ್ಟ್ರೇ ಆಗಿದ್ದವರು. ತರಗತಿಯಲ್ಲಿ ಕೂತು ಮಕ್ಕಳನ್ನು ಗಮನಿಸಿ, ಮಕ್ಕಳು ಹೇಗೆ ಸೋಲುತ್ತಾರೆ ಅನ್ನುವುದರ ಬಗ್ಗೆ 1964ರಲ್ಲಿ ಒಂದು ಪುಸ್ತಕ ಬರೆದರು, ಹೇಗೆ ಕಲಿಯುತ್ತಾರೆ ಅನ್ನುವುದರ ಬಗ್ಗೆ 1967ರಲ್ಲಿ ಇನ್ನೊಂದು. ಶಾಲೆಯನ್ನು ಸುಧಾರಿಸಬಹುದು ಅಂತ ಮೊದಲು ನಂಬಿದ್ದರು, ಆಮೇಲೆ ಆ ಆಸೆ ಬಿಟ್ಟು 1977ರಲ್ಲಿ ಶಾಲೆಯಿಲ್ಲದೆ ಮಕ್ಕಳನ್ನು ಬೆಳೆಸುವ ಮನೆಗಳಿಗಾಗಿ ಒಂದು ಪತ್ರಿಕೆಯನ್ನೇ ಶುರು ಮಾಡಿದರು.

ಅಮೆರಿಕದ ಮಾತು ನಮಗ್ಯಾಕೆ ಅನ್ನುವವರಿಗೆ ನಮ್ಮ ಅಕ್ಕಪಕ್ಕದವರನ್ನೇ ತೋರಿಸುತ್ತೇನೆ. ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. ಮಗ ಹುಟ್ಟಿದ ಮೇಲೆ 'ಇವನನ್ನು ಹೇಗೆ ಬೆಳೆಸಲಿ' ಅಂತ ಯೋಚಿಸುತ್ತ ಹೋಗಿ ಕೊನೆಗೆ ವಕೀಲಿಯನ್ನೇ ಬಿಟ್ಟು ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದರು. ಗುಜರಾತಿನಲ್ಲಿ ಅವರನ್ನು 'ಮೀಸೆಯ ತಾಯಿ' ಅಂತಲೇ ಕರೆಯುತ್ತಿದ್ದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಆಮೇಲೆ ನಮ್ಮ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಿಗೆ ಬಂದರು. ಆದಿವಾಸಿ ಮಕ್ಕಳು ಶಾಲೆಗೆ ಬರುವುದಿಲ್ಲ ಅಂತ ಗೊತ್ತಾದಾಗ ಶಾಲೆಯನ್ನೇ ಅವರ ಅಂಗಳಕ್ಕೆ ತೆಗೆದುಕೊಂಡು ಹೋದರು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಮಾಡಿದ ಪ್ರಯೋಗಗಳೂ ನಿಮಗೆ ಗೊತ್ತು. ಇವರ್ಯಾರೂ ಶಾಲೆ ಬಿಡಿ ಅಂತ ಹೇಳಿದವರಲ್ಲ, ಅದನ್ನೂ ನೆನಪಿಡಬೇಕು. ಮಗುವನ್ನು ನೋಡಿ ಆಮೇಲೆ ಶಾಲೆಯ ಬಗ್ಗೆ ಯೋಚಿಸಿದವರು.

ದೊಡ್ಡವರ ವಿಷಯ ಸಾಕು. ನಮ್ಮ ಮನೆಯದ್ದು ಹೇಳುತ್ತೇನೆ, ನೀವು ಕರೆದದ್ದೂ ಅದಕ್ಕೇ.

ನಾವು ಗದಗಿನ ಕಡೆಯವರು. ಪುಣೆಗೆ ಬಂದು ಹದಿನೇಳು ವರ್ಷವಾಯಿತು. ನಮ್ಮವರು ಇಂಜಿನಿಯರ್. ನಾನು ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಪೂರ್ತಿ ದಿನದ ಕೆಲಸದಲ್ಲಿದ್ದೆ. ಮಗಳಿಗೆ ಈಗ ಹದಿನೈದು, ಮಗನಿಗೆ ಹನ್ನೊಂದು. ಅತ್ತೆ ನಮ್ಮ ಜೊತೆಗಿದ್ದಾರೆ, ಇವತ್ತು ಮೊದಲ ಸಾಲಿನಲ್ಲೇ ಕೂತಿದ್ದಾರೆ.

ಮಗಳು 2018ರಲ್ಲಿ ಮೂರನೇ ತರಗತಿ ಮುಗಿಸಿದ ಮೇಲೆ ಶಾಲೆಗೆ ಹೋಗಿಲ್ಲ. ಆ ಶಾಲೆಯ ಮೇಲೆ ನನಗೆ ದೂರೇನಿಲ್ಲ. ಟೀಚರ್ ಒಳ್ಳೆಯವರಿದ್ದರು, ಆದರೆ ಒಂದು ತರಗತಿಯಲ್ಲಿ ಐವತ್ತು ಮಕ್ಕಳು. ನಮ್ಮ ಮಗಳು ನಾಲ್ಕೈದು ವರ್ಷದವಳಿದ್ದಾಗ ಪ್ರಶ್ನೆ ಕೇಳಿ ಕೇಳಿ ಜೀವ ಹಿಂಡುತ್ತಿದ್ದವಳು, ಎಂಟಾಗುವ ಹೊತ್ತಿಗೆ ಸುಮ್ಮನಾಗಿದ್ದಳು. ಪ್ರತಿ ಭಾನುವಾರ ಸಂಜೆ ಹೊಟ್ಟೆನೋವು. ಡಾಕ್ಟರ್ ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಅಂದರು. ಬೇಸಿಗೆ ರಜೆಯ ಎರಡು ತಿಂಗಳು ಒಂದು ದಿನವೂ ನೋವು ಬರಲಿಲ್ಲ. ನಾನೂ ನಮ್ಮವರೂ ಎರಡು ವರ್ಷ ಓದಿ, ಚರ್ಚೆ ಮಾಡಿ, ಜಗಳವನ್ನೂ ಆಡಿ, ಬಿಡಿಸೋಣ ಅಂತ ತೀರ್ಮಾನ ಮಾಡಿದೆವು.

ಅತ್ತೆಗೆ ಹೇಳಿದ ದಿನ ರಾತ್ರಿ ಅವರು ಊಟ ಮಾಡಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅತ್ತೆಯ ಕಾಲದಲ್ಲಿ ಮುಂಬಯಿ ಕರ್ನಾಟಕದ ಕಡೆ ಏಳನೇ ತರಗತಿಗೆ ಮುಲ್ಕಿ ಪರೀಕ್ಷೆ ಅಂತ ಇತ್ತು. ಇಲ್ಲಿ ಎಪ್ಪತ್ತು ದಾಟಿದವರು ತಲೆ ಅಲ್ಲಾಡಿಸುತ್ತಿದ್ದೀರಿ, ನಿಮಗೆ ಗೊತ್ತು. ಮುಲ್ಕಿ ಪಾಸಾದರೆ ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಸಿಗುವ ಕಾಲ ಅದು. ಅತ್ತೆ ಊರಿನಲ್ಲೇ ಜಾಣ ಹುಡುಗಿ. ಪರೀಕ್ಷೆಗೆ ಮೂರು ತಿಂಗಳು ಇದ್ದಾಗ ಗಂಡು ಬಂತು ಅಂತ ಸಾಲಿ ಬಿಡಿಸಿದರು. ಪಾಟೀಚೀಲವನ್ನು ತಮ್ಮನಿಗೆ ಕೊಟ್ಟರು. ಆ ತಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ನೌಕರಿಗೆ ಸೇರಿದ. 'ಸಾಲಿ ಬಿಡಿಸೋದು' ಅಂದರೆ ಅವರಿಗೆ ಬೇರೆ ಅರ್ಥವೇ ಇಲ್ಲ. ಮರುದಿನ ಬೆಳಿಗ್ಗೆ ಚಹಾ ಕೊಡಲು ಹೋದಾಗ ಅವರು ಕೇಳಿದ್ದು ಒಂದೇ ಮಾತು: "ನನ್ನ ಸಾಲಿ ಬಿಡಿಸೂಮುಂದ ನನ್ನ ಯಾರೂ ಕೇಳಲಿಲ್ಲವಾ. ನೀವು ಇಕಿನ್ನ ಕೇಳೀರೇನು?"

ನಾವು ಎರಡು ವರ್ಷ ಓದಿದ್ದ ಪುಸ್ತಕಗಳಲ್ಲಿ ಇಷ್ಟು ನೇರವಾದ ಪ್ರಶ್ನೆ ಇರಲಿಲ್ಲ. ಆವತ್ತು ಸಂಜೆ ಮಗಳನ್ನು ಕೂಡಿಸಿಕೊಂಡು ಕೇಳಿದೆವು. ಶಾಲೆಗೆ ಹೋಗದಿದ್ದರೆ ಏನೇನು ಇರುವುದಿಲ್ಲ ಅನ್ನುವುದನ್ನೂ ಹೇಳಿದೆವು: ಗೆಳತಿಯರು, ಸ್ನೇಹಸಮ್ಮೇಳನ, ಸ್ಕೂಲ್ ಬಸ್ಸಿನ ಕಿಟಕಿ ಸೀಟು. ಅವಳು ಎರಡು ದಿನ ಟೈಮ್ ತೆಗೆದುಕೊಂಡು ಒಂದು ಚೀಟಿಯಲ್ಲಿ 'ನೋ ಸ್ಕೂಲ್. ಬಟ್ ಆಸ್ಕ್ ಮಿ ಅಗೇನ್' ಅಂತ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಆವತ್ತಿನಿಂದ ಪ್ರತಿ ವರ್ಷ ಜೂನ್‌ನಲ್ಲಿ, ಇಲ್ಲಿ ಶಾಲೆ ಶುರುವಾಗುವ ಮೊದಲು, ಮತ್ತೆ ಕೇಳುವುದು ನಮ್ಮ ಮನೆಯ ಪದ್ಧತಿ. ಮಗ ದೊಡ್ಡವನಾದ ಮೇಲೆ ಅವನಿಗೂ ಚೀಟಿ. ಅವನು ಪ್ರತಿ ವರ್ಷ 'ಸ್ಕೂಲ್' ಅಂತ ಬರೆಯುತ್ತಾನೆ. ಅವನಿಗೆ ಶಾಲೆ ಅಂದರೆ ಪ್ರಾಣ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು, ಆದರೂ ಹೀಗೆ.

ಈಗ ಒಂದು ಮುಳ್ಳಿನ ಮಾತು. ಹೆಣ್ಣು ಮಗು ಮನೆಯಲ್ಲಿ, ಗಂಡು ಮಗು ಶಾಲೆಯಲ್ಲಿ. ಹೊರಗಿನಿಂದ ನೋಡಿದವರಿಗೆ ಇದು ಹೇಗೆ ಕಾಣುತ್ತದೆ ಅನ್ನುವುದು ನನಗೆ ಗೊತ್ತು. ಇದು ಸಾವಿತ್ರಿಬಾಯಿ ಫುಲೆಯವರ ಊರು. 1848ರಲ್ಲಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಅವರ ಮೇಲೆ ಜನ ಸಗಣಿ, ಕೆಸರು ಎಸೆಯುತ್ತಿದ್ದರು, ಬದಲಿಸಲು ಇನ್ನೊಂದು ಸೀರೆ ಜೊತೆಗೇ ಒಯ್ಯುತ್ತಿದ್ದರು ಅನ್ನುತ್ತಾರೆ. ಆ ಬಾಗಿಲು ತೆರೆಸಲು ಅಷ್ಟು ಅನುಭವಿಸಿದ್ದಾರೆ, ಅದೇ ಊರಿನಲ್ಲಿ ಕೂತು ನೀನು ಮಗಳನ್ನು ಹೊರಗೆ ಕರೆದುಕೊಂಡು ಬಂದೆಯಲ್ಲ ಅಂತ ನಮ್ಮ ಕಟ್ಟಡದ ಒಬ್ಬ ಹಿರಿಯರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ನಾನು ಒಂದೇ ಮಾತಿನಲ್ಲಿ ಉತ್ತರ ಕೊಡಲಾರೆ. ಸಾವಿತ್ರಿಬಾಯಿ ಹೋರಾಡಿದ್ದು ಹೆಣ್ಣುಮಗು ಕಲಿಯಲಿ, ತನ್ನ ಬದುಕನ್ನು ತಾನು ನಿರ್ಧರಿಸಲಿ ಅಂತ. ಅದು ನಮ್ಮ ಮನೆಯಲ್ಲಿ ನಡೆಯುತ್ತಿದೆಯೇ ಅಂತ ಪರೀಕ್ಷಿಸಿಕೊಳ್ಳುವುದು ನನ್ನ ಜವಾಬ್ದಾರಿ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ: ಮನೆಯಲ್ಲಿದ್ದಾಳೆ ಅನ್ನುವ ಕಾರಣಕ್ಕೆ ಮಗಳ ಪಾಲಿಗೆ ಒಂದೇ ಒಂದು ಹೆಚ್ಚಿನ ಮನೆಕೆಲಸ ಬರಕೂಡದು. ಮಗ ಎಷ್ಟು ಪಾತ್ರೆ ತೊಳೆಯುತ್ತಾನೋ ಅಷ್ಟೇ ಅವಳು. ನೆಂಟರು ಬಂದಾಗ 'ಹ್ಯಾಂಗೂ ಮನ್ಯಾಗ ಇರ್ತಾಳಲ್ಲ' ಅಂತ ಶುರು ಮಾಡಿದರೆ ಅತ್ತೆಯೇ ಎದ್ದು ಹೋಗಿ ಚಹಾ ಇಡುತ್ತಾರೆ.

ದಿನ ಹೇಗೆ ಕಳೆಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ಮೂರು-ನಾಲ್ಕು ತಿಂಗಳು ಏನೂ ಇಲ್ಲ. ನಿದ್ದೆ, ಟಿವಿ, ಗೊಂಬೆ, 'ಅಮ್ಮಾ ಬೋರು'. ಈ ಹಂತ ಎಲ್ಲ ಮನೆಗಳಲ್ಲೂ ಬರುತ್ತದೆ ಅಂತ ಓದಿದ್ದೆ, ಆದರೂ ಎದೆ ಡವಡವ ಅನ್ನುತ್ತಿತ್ತು. ಆಮೇಲೆ ಬಸ್ಸು ಬಂತು.

ಬಸ್ಸು ಅಂದರೆ ನಿಜವಾದ ಸಿಟಿ ಬಸ್ಸು. ಅತ್ತೆಗೆ ಹಿರಿಯ ನಾಗರಿಕರ ಪಾಸ್ ಮಾಡಿಸಿ ಕೊಟ್ಟಿದ್ದೆವು. ಒಂಬತ್ತು ವರ್ಷ ಈ ಊರಿನಲ್ಲಿದ್ದರೂ ಅವರಿಗೆ ಗೊತ್ತಿದ್ದದ್ದು ಹನುಮಪ್ಪನ ಗುಡಿ ಮತ್ತು ತರಕಾರಿ ಅಂಗಡಿ ಮಾತ್ರ. ಮರಾಠಿ ಬೋರ್ಡು ಓದಲು ಬರದು, ಒಬ್ಬರೇ ಹತ್ತಲು ಅಂಜಿಕೆ. 2019ರ ಜನವರಿಯಲ್ಲಿ ಮಗಳು 'ಅಜ್ಜಿ, ನಾ ಓದ್ತೀನಿ, ನಡಿ' ಅಂತ ಹೊರಟಳು. ಇಲ್ಲಿ ಬಸ್ಸಿನ ಮೇಲೆ ಅಂಕಿಗಳು ದೇವನಾಗರಿಯಲ್ಲಿ ಇರುತ್ತವೆ. ಅವಳಿಗೂ ಪೂರ್ತಿ ಬರುತ್ತಿರಲಿಲ್ಲ, ಹದಿನೈದು ದಿನದಲ್ಲಿ ಬಂತು. ಸ್ವಾರಗೇಟ್, ಕಾತ್ರಜ್, ಡೆಕ್ಕನ್, ಹಡಪ್ಸರ್, ನಿಗಡಿ, ಎಪ್ಪತ್ತು ದಾಟಿದ ಅಜ್ಜಿ ಮತ್ತು ಒಂಬತ್ತು ವರ್ಷದ ಮೊಮ್ಮಗಳು ಬುತ್ತಿ ಕಟ್ಟಿಕೊಂಡು ತಿರುಗಿದ ಆ ಒಂದು ವರ್ಷದ ಕಥೆಯೇ ಒಂದು ಪುಸ್ತಕವಾಗುತ್ತದೆ. ಮಹಾತ್ಮಾ ಫುಲೆ ಮಂಡಿಗೆ ಹೋಗಿ ಹಸಿಮೆಣಸಿನಕಾಯಿ ದರ ಕೇಳಿಕೊಂಡು ಬಂದು ನಮ್ಮ ಓಣಿಯ ಅಂಗಡಿಯವನ ಜೊತೆ ವಾದ ಮಾಡಿದರು. ಕೇಳ್ಕರ್ ಮ್ಯೂಸಿಯಂನಲ್ಲಿ ಅತ್ತೆ ಹಳೆಯ ಅಡಕತ್ತರಿ, ದೀಪ, ಪಾತ್ರೆಗಳನ್ನು ನೋಡಿ 'ಇಂಥಾವು ನಮ್ಮ ಅಟ್ಟದ ಮ್ಯಾಲೆ ಇದ್ದವಲ್ಲ, ಇದಕ್ಕ ಟಿಕೆಟ್ ಯಾಕ' ಅಂದರಂತೆ.

ಒಂದು ಸಂಗತಿ ಮಾತ್ರ ವಿವರವಾಗಿ ಹೇಳಲೇಬೇಕು, ಯಾಕೆಂದರೆ 'ಗಣಿತ ಹೇಗೆ ಕಲಿಯುತ್ತಾಳೆ' ಅನ್ನುವುದು ಎಲ್ಲರ ಪ್ರಶ್ನೆ. ಸಂಜೆ ಹೊತ್ತು ಬಸ್ ಸ್ಟಾಪಿನಲ್ಲಿ ನಿಂತು ಅತ್ತೆಗೆ ಮೊಣಕಾಲು ನೋಯುತ್ತಿತ್ತು. 'ಹದಿನೈದು ನಿಮಿಷಕ್ಕೊಂದು ಬಸ್ಸು ಅಂತಾರ, ನನ್ನ ಮೊಣಕಾಲಿಗೆ ಅರ್ಧ ತಾಸು ಅಂತ ಗೊತ್ತಾಗ್ತೈತಿ' ಅಂದರು. ಮಗಳು ಒಂದು ವಾರ ನೋಟ್‌ಬುಕ್ಕಿನಲ್ಲಿ ಬಸ್ಸು ಬಂದ ಟೈಮ್ ಬರೆದುಕೊಂಡಳು. ನೋಡಿದರೆ ಎರಡು ಬಸ್ಸು ಒಟ್ಟೊಟ್ಟಿಗೆ ಬರುತ್ತವೆ, ಆಮೇಲೆ ಅರ್ಧ ಗಂಟೆ ಏನೂ ಇಲ್ಲ. ಲೆಕ್ಕ ಹಾಕಿದರೆ ಗಂಟೆಗೆ ನಾಲ್ಕು ಬಸ್ಸು, ಸರಾಸರಿ ಹದಿನೈದು ನಿಮಿಷಕ್ಕೊಂದು. ಪುಸ್ತಕದ ಲೆಕ್ಕವೂ ಸರಿ, ಅಜ್ಜಿಯ ಮೊಣಕಾಲೂ ಸರಿ! ಸರಿಯಾಗಿ ಹದಿನೈದು ನಿಮಿಷಕ್ಕೊಂದು ಬಂದರೆ ಸ್ಟಾಪಿಗೆ ಬಂದವರು ಸರಾಸರಿ ಏಳೂವರೆ ನಿಮಿಷ ಕಾಯಬೇಕು. ಜೋಡಿಯಾಗಿ ಬಂದರೆ ಅದೇ ನಾಲ್ಕು ಬಸ್ಸಿಗೆ ಸರಾಸರಿ ಹದಿನೈದು ನಿಮಿಷ ಕಾಯಬೇಕು. ಇದನ್ನು ಅವಳು ಗ್ರಾಫ್ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಬರೆದು ಅಪ್ಪನಿಗೆ ತೋರಿಸಿದಳು. ಯಾಕೆ ಜೋಡಿಯಾಗುತ್ತವೆ ಅನ್ನುವುದನ್ನು ಒಬ್ಬ ಕಂಡಕ್ಟರ್ ಅಣ್ಣ ಹೇಳಿಕೊಟ್ಟರು. ಟ್ರಾಫಿಕ್ಕಿನಲ್ಲಿ ಒಂದು ಬಸ್ಸು ಸ್ವಲ್ಪ ತಡವಾದರೆ ಮುಂದಿನ ಸ್ಟಾಪಿನಲ್ಲಿ ಹೆಚ್ಚು ಜನ ಸೇರಿರುತ್ತಾರೆ. ಅವರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಅದು ಇನ್ನೂ ತಡ. ಹಿಂದಿನ ಬಸ್ಸಿಗೆ ಜನರೇ ಇಲ್ಲ, ಅದು ಬೇಗ ಬೇಗ ಬಂದು ಮುಂದಿನದನ್ನು ಹಿಡಿಯುತ್ತದೆ. ಯಾರ ತಪ್ಪೂ ಇಲ್ಲ. ಸರಾಸರಿ ಅನ್ನುವುದನ್ನು ನಾನು ಬಿ.ಕಾಂ. ಪರೀಕ್ಷೆಗೆ ಓದಿ ಬರೆದಿದ್ದೆ, ಆದರೆ ಅದರೊಳಗೆ ಇಷ್ಟು ಅಡಗಿದೆ ಅಂತ ತಿಳಿದದ್ದು ಆವತ್ತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ಬಸ್ಸು ನಿಂತಿತು. ಆಗ ಎಲ್ಲರೂ ನನಗೆ ಫೋನ್ ಮಾಡಿ 'ಈಗ ನಾವೂ ನಿಮ್ಮ ಹಾಗೇ' ಅಂದರು. ನಗು ಬರುತ್ತಿತ್ತು. ಮೊಬೈಲ್ ಮುಂದೆ ಯೂನಿಫಾರ್ಮ್ ಹಾಕಿ ಕೂಡಿಸಿದರೆ ಅದು ಶಾಲೆಯೇ, ಜಾಗ ಇಕ್ಕಟ್ಟು ಅಷ್ಟೇ. ನಮ್ಮ ಮನೆಯಲ್ಲಿ ಆ ವರ್ಷ ನಡೆದದ್ದು ಕನ್ನಡ. ಅಲ್ಲಿಯವರೆಗೆ ಮಗಳು ಕನ್ನಡ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ನಮ್ಮ ಬಡಾವಣೆಯ ಶಾಲೆಗಳಲ್ಲಿ ಕನ್ನಡ ಇಲ್ಲ, ನಿಮ್ಮೆಲ್ಲರ ಮನೆಯ ಕಥೆಯೂ ಇದೇ. ಅಜ್ಜಿ ಬಸ್ಸಿನಲ್ಲಿ ಅವಳಿಂದ ದೇವನಾಗರಿ ಕಲಿತಿದ್ದರು, ಆ ಸಾಲ ತೀರಿಸುತ್ತೇನೆ ಅಂತ ಅ, ಆ, ಇ, ಈ ಶುರು ಮಾಡಿದರು. ಒತ್ತಕ್ಷರಕ್ಕೆ ಬಂದಾಗ ಮಗಳು ಕೈಚೆಲ್ಲಿದಳು. ಅತ್ತೆ ಬಲವಂತ ಮಾಡಲಿಲ್ಲ. ದಿನಾ ಮಧ್ಯಾಹ್ನ ಕಥೆಯೊಂದನ್ನು ಗಟ್ಟಿಯಾಗಿ ಓದುತ್ತ, ಕುತೂಹಲದ ಜಾಗಕ್ಕೆ ಬಂದಾಗ 'ಕಣ್ಣು ಉರಿತಾವ' ಅಂತ ಪುಸ್ತಕ ಮುಚ್ಚಿಡುತ್ತಿದ್ದರು. ಮುಂದೇನಾಯಿತು ಅಂತ ತಿಳಿಯಲು ಇವಳೇ ಅಕ್ಷರ ಕೂಡಿಸಿಕೊಂಡು ಓದಬೇಕು. ಯಾವ ಬಿ.ಎಡ್. ಕಾಲೇಜಿನಲ್ಲಿ ಇದನ್ನು ಹೇಳಿಕೊಡುತ್ತಾರೋ ಗೊತ್ತಿಲ್ಲ.

ಬರೀ ಸಿಹಿಯೇ ಹೇಳಿದರೆ ನಿಮಗೆ ನಂಬಿಕೆ ಬರುವುದಿಲ್ಲ. ಹನ್ನೊಂದು-ಹನ್ನೆರಡರ ವಯಸ್ಸಿನಲ್ಲಿ ಅವಳಿಗೆ ಒಂಟಿತನ ಕಾಡಿತು. ಕಟ್ಟಡದ ಗೆಳತಿಯರ ಮಾತೆಲ್ಲ ಅವರ ಕ್ಲಾಸಿನದ್ದು, ಇವಳು ಪಕ್ಕದಲ್ಲಿ ನಿಂತು ಕೇಳಬೇಕು. ಮೈದಾನದ ಖೋ-ಖೋ ತಂಡಕ್ಕೆ ಸೇರಿದ ಮೇಲೆ ಸರಿಹೋಯಿತು, ಆದರೆ ಅದಕ್ಕೆ ಒಂದು ವರ್ಷವೇ ಬೇಕಾಯಿತು. ಕೈಬರಹ ಇವತ್ತಿಗೂ ನಿಧಾನ. ಬೀಜಗಣಿತ ಅವಳ ದಾರಿಗೆ ತಾನಾಗಿ ಬರಲೇ ಇಲ್ಲ, ಹದಿನಾಲ್ಕರವರೆಗೆ ಎಕ್ಸ್, ವೈ ಅಂದರೆ ಇಂಗ್ಲಿಷ್ ಅಕ್ಷರಗಳು ಮಾತ್ರ. ಹತ್ತನೆಯ ಪರೀಕ್ಷೆ ಬರೆಯುತ್ತೇನೆ ಅಂತ ಅವಳೇ ಹೇಳಿದ ಮೇಲೆ, ನಮ್ಮ ಸಂಘದವರೇ ಆದ ಒಬ್ಬ ನಿವೃತ್ತ ಶಿಕ್ಷಕಿಯ ಮನೆಗೆ ಎಂಟು ತಿಂಗಳು ಹೋಗಿ ಕಲಿತಳು. ಆ ಟೀಚರ್ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಹೆಸರು ಹೇಳಬೇಡ ಅಂದಿದ್ದಾರೆ, ನಮಸ್ಕಾರ ಮಾತ್ರ ಇಲ್ಲಿಂದಲೇ.

ದುಡ್ಡಿನ ಮಾತನ್ನೂ ಹೇಳುತ್ತೇನೆ, ಇಂಥ ಉಪನ್ಯಾಸಗಳಲ್ಲಿ ಯಾರೂ ಹೇಳುವುದಿಲ್ಲ. ನಾನು ಪೂರ್ತಿ ಕೆಲಸ ಬಿಟ್ಟೆ. ಈಗ ಮನೆಯಿಂದಲೇ ಮೂರು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಮನೆಯ ಆದಾಯದಲ್ಲಿ ಮೂರನೇ ಒಂದು ಭಾಗ ಹೋಯಿತು. ದೊಡ್ಡ ಮನೆ ತೆಗೆದುಕೊಳ್ಳುವ ಯೋಚನೆ ಬಿಟ್ಟೆವು. ಇಂಥ ಪ್ರಯೋಗ ಯಾವ ಮನೆಯಲ್ಲಿ ನಡೆದರೂ ಕೆಲಸ ಬಿಡುವವಳು ತಾಯಿಯೇ, ನೂರಕ್ಕೆ ನೂರು ಅನ್ನುವುದಿಲ್ಲ, ನಾನು ಕಂಡ ಮನೆಗಳಲ್ಲೆಲ್ಲ ಹೀಗೇ. ಇದು ನನಗೆ ಇಷ್ಟವಾದ ವಿಷಯವಲ್ಲ. ಅದಕ್ಕೇ ಮೊದಲೇ ನಮ್ಮವರ ಜೊತೆ ಕರಾರು ಮಾಡಿಕೊಂಡೆ: ಶನಿವಾರ ಪೂರ್ತಿ ಮತ್ತು ದಿನಾ ಬೆಳಿಗ್ಗೆ ಎರಡು ತಾಸು ಮಕ್ಕಳು ಅವರ ಪಾಲು. ಆ ಹೊತ್ತಿನಲ್ಲಿ ನಾನು ಮನೆಯಲ್ಲಿದ್ದರೂ ಇಲ್ಲ. ಇವತ್ತು ಶನಿವಾರ, ಅದಕ್ಕೇ ಇಲ್ಲಿ ನಿಶ್ಚಿಂತೆಯಾಗಿ ನಿಂತಿದ್ದೇನೆ.

ಕಾನೂನು ಏನು ಹೇಳುತ್ತದೆ ಅಂತ ಹಲವರು ಚೀಟಿಯಲ್ಲಿ ಕೇಳಿದ್ದೀರಿ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ. ಮಗುವನ್ನು ಶಾಲೆಗೆ ಸೇರಿಸುವುದು ತಂದೆ-ತಾಯಿಯ ಕರ್ತವ್ಯ ಅಂತ ಅದರ 10ನೇ ಕಲಮಿನಲ್ಲಿ ಇದೆ, ಸೇರಿಸದಿದ್ದರೆ ಅವರಿಗೆ ಶಿಕ್ಷೆ ಅಂತ ಇಲ್ಲ. ಹೋಮ್‌ಸ್ಕೂಲಿಂಗ್ ಅನ್ನುವ ಪದವೇ ಕಾಯಿದೆಯಲ್ಲಿ ಬಂದಿಲ್ಲ. ಅಂದರೆ ಒಪ್ಪಿಗೆ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಜೈಲಿಗೆ ಹಾಕುತ್ತಾರೆ ಅಂದರೂ ನಂಬಬೇಡಿ. ನಮಗೆ ಧೈರ್ಯ ಕೊಟ್ಟದ್ದು ಅದೇ ಕಾಯಿದೆಯ 4ನೇ ಕಲಮು. ಶಾಲೆಯಿಂದ ಹೊರಗಿರುವ ಮಗು ಬಂದರೆ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಅಂದರೆ ಯಾವುದಾದರೂ ಜೂನ್‌ನಲ್ಲಿ ಮಗಳು 'ಹೋಗ್ತೀನಿ' ಅಂದಿದ್ದರೆ ಬಾಗಿಲು ತೆರೆದಿತ್ತು.

ಪರೀಕ್ಷೆಗೆ ಎರಡು ದಾರಿ. ಮಹಾರಾಷ್ಟ್ರ ಬೋರ್ಡಿನಲ್ಲಿ 17 ನಂಬರ್ ಫಾರ್ಮ್ ತುಂಬಿ ಖಾಸಗಿಯಾಗಿ ಹತ್ತನೆಯ ಪರೀಕ್ಷೆಗೆ ಕೂರಬಹುದು. ಇನ್ನೊಂದು ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್. ಕೇಂದ್ರ ಸರಕಾರದ ಸಂಸ್ಥೆ, 1989ರಲ್ಲಿ ಶುರುವಾದದ್ದು. ಹತ್ತನೆಯ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ಐದು ವಿಷಯ ಪಾಸಾಗಬೇಕು, ಒಂದೇ ಸಲ ಎಲ್ಲ ಬರೆಯಬೇಕಾಗಿಲ್ಲ. ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಪರೀಕ್ಷೆ. ಹೆಸರು ನೋಂದಾಯಿಸಿದರೆ 5 ವರ್ಷ ಸಮಯ, ಒಟ್ಟು 9 ಅವಕಾಶ. ಪಾಸಾದ ವಿಷಯ ಖಾತೆಯಲ್ಲಿ ಜಮಾ ಆಗಿರುತ್ತದೆ. ನಮ್ಮಂಥ ಹೊರನಾಡಿನವರಿಗೆ ಮುಖ್ಯವಾದದ್ದು: ಅದರಲ್ಲಿ ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು. ಮಗಳು ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಗೃಹವಿಜ್ಞಾನ ಆರಿಸಿಕೊಂಡಿದ್ದಾಳೆ. ಕನ್ನಡ ಮತ್ತು ಗೃಹವಿಜ್ಞಾನ ಮುಗಿದಿವೆ. ಅಂಕ ಎಷ್ಟು ಅಂತ ಹೇಳಬಾರದು ಅನ್ನುವುದು ಅವಳ ಕಟ್ಟಪ್ಪಣೆ.

ಇನ್ನು 'ರಿಫ್ಲೆಕ್ಟಿವ್ ಪೇರೆಂಟಿಂಗ್' ಅನ್ನುವ ಮಾತು. ಮಕ್ಕಳನ್ನು ಶಾಲೆಗೆ ಕಳಿಸುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ನಾನು ಮಾಡುವುದು ಇಷ್ಟೇ. ರಾತ್ರಿ ಮಲಗುವ ಮುಂಚೆ ನಾಲ್ಕು ಸಾಲು ಬರೆಯುತ್ತೇನೆ. ಮಕ್ಕಳು ಏನು ಮಾಡಿದರು ಅಂತ ಒಂದು ಸಾಲು, ಆಗ ನನಗೇನನಿಸಿತು ಅಂತ ಮೂರು ಸಾಲು. ಎದುರುಮನೆಯ ಹುಡುಗಿಗೆ 96 ಪರ್ಸೆಂಟ್ ಬಂದ ದಿನ ಪೇಡೆ ತಿನ್ನುತ್ತ ನನ್ನ ಹೊಟ್ಟೆಯಲ್ಲಿ ಏನಾಯಿತು ಅಂತ ಬರೆದೆ. ಬರೆದ ಮೇಲೆ ಮಗಳ ಮೇಲೆ ರೇಗಬೇಕಾದ ಅಗತ್ಯ ಕಾಣಲಿಲ್ಲ. ಇನ್ನೊಂದು ಆಟ ಇದೆ, ಬೇಕಾದರೆ ನಾಳೆಯೇ ಆಡಿ ನೋಡಿ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಕ್ಕಳಿಗೆ ಹೇಳಿದ ಮಾತುಗಳನ್ನು ಲೆಕ್ಕ ಇಡಿ. ಏಳು, ಹಲ್ಲುಜ್ಜು, ಬೇಗ ಬಾ, ಟಿಫಿನ್ ತೆಗೆದುಕೋ, ಹೀಗೆ ಅರ್ಧಕ್ಕಿಂತ ಹೆಚ್ಚು ಆಜ್ಞೆಗಳೇ ಇರುತ್ತವೆ. ಅದೇನು ಅಪರಾಧವಲ್ಲ, ಬೆಳಗಿನ ಹೊತ್ತು ಇರುವುದೇ ಹಾಗೆ. ಉಳಿದದ್ದರಲ್ಲಿ ಉತ್ತರ ನಮಗೆ ಮೊದಲೇ ಗೊತ್ತಿರುವ ಪ್ರಶ್ನೆಗಳು ಎಷ್ಟು, ಉತ್ತರ ಗೊತ್ತಿಲ್ಲದೆ ನಿಜವಾಗಿ ಕೇಳಿದ ಪ್ರಶ್ನೆಗಳು ಎಷ್ಟು, ಅದನ್ನು ಮಾತ್ರ ಬೇರೆ ಬರೆದಿಡಿ.

ಕೊನೆಗೆ, ಹೇಳಬೇಕೋ ಬೇಡವೋ ಅಂತ ನಿನ್ನೆಯವರೆಗೂ ಯೋಚಿಸುತ್ತಿದ್ದ ಒಂದು ಸಂಗತಿ. ಅತ್ತೆ 'ಹೇಳು' ಅಂದರು.

2023ರಲ್ಲಿ ಊರಿನ ಕಡೆಯ ಸಂಬಂಧಿಕರೊಬ್ಬರು ಎಂಟನೇ ತರಗತಿಯಲ್ಲಿದ್ದ ಮಗಳನ್ನು ಶಾಲೆ ಬಿಡಿಸಲು ಹೊರಟರು. ಹೈಸ್ಕೂಲ್ ನಾಲ್ಕು ಕಿಲೋಮೀಟರ್ ದೂರ, ಮನೆಯಲ್ಲಿ ಚಿಕ್ಕ ಕೂಸು ಬೇರೆ ಇತ್ತು. ಹುಡುಗಿ ಅತ್ತಳು, ಮೇಷ್ಟ್ರು ಮನೆಗೆ ಬಂದು ಕೇಳಿದರು. ಆಗ ಅವರು ಕೊಟ್ಟ ಉತ್ತರ: "ಪುಣೆದಾಗ ಇಂಜಿನಿಯರ್ ಮನಿ ಹುಡುಗೀನ ಸಾಲಿಗೆ ಹೋಗೂದಿಲ್ಲ. ನಮ್ಮ ಹುಡುಗಿಗೆ ಯಾಕ ಬೇಕ್ರಿ?"

ಫೋನಿನಲ್ಲಿ ಈ ಮಾತು ನಮಗೆ ತಲುಪಿದಾಗ ನನ್ನ ಕೈಯಿಂದ ಸೌಟು ಬಿತ್ತು. ನಾನು ಫೋನ್ ಮಾಡಿ ವಿವರಿಸಲು ನೋಡಿದೆ, ನಮ್ಮವರೂ ಮಾತಾಡಿದರು. 'ನಿಮಗೊಂದು ನಮಗೊಂದೇನು' ಅಂದರು ಅವರು. ಅದಕ್ಕೆ ಫೋನಿನಲ್ಲಿ ಉತ್ತರ ಕೊಡಲು ಬರುವುದಿಲ್ಲ. ನಮ್ಮ ಮಗಳಿಗೆ ಮನೆ ತುಂಬ ಪುಸ್ತಕ, ಇಂಟರ್‌ನೆಟ್, ಬಸ್ಸು, ಓದಿದ ಅಪ್ಪ-ಅಮ್ಮ, ಅಜ್ಜಿ, ಹೋಗಬೇಕು ಅನ್ನಿಸಿದರೆ ನಾಳೆಯೇ ಶಾಲೆ. ಆ ಹುಡುಗಿಗೆ ಶಾಲೆ ಬಿಟ್ಟರೆ ಮುಸುರೆ ಮತ್ತು ತೊಟ್ಟಿಲು. ಎರಡಕ್ಕೂ ಒಂದೇ ಹೆಸರು ಇಟ್ಟರೆ ಹೇಗೆ?

ಅತ್ತೆ ಏನೂ ಮಾತಾಡದೆ ಎರಡು ಸೀರೆ ಚೀಲಕ್ಕೆ ಹಾಕಿಕೊಂಡರು. ಆ ವಯಸ್ಸಿನಲ್ಲಿ ಒಬ್ಬರೇ. ಮಗಳು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟಳು: ಇಲ್ಲಿಂದ ಯಾವ ಬಸ್ಸು, ಎಲ್ಲಿ ಇಳಿಯಬೇಕು, ಯಾವ ಪ್ಲಾಟ್‌ಫಾರ್ಮು, ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಮುಂದಿನ ಬಸ್ಸು. ಅತ್ತೆ ಆ ಮನೆಯ ಕಟ್ಟೆಯ ಮೇಲೆ ಹೋಗಿ ಕೂತರು. 'ನಾ ಮುಲ್ಕಿ ಕಟ್ಟಲಿಲ್ಲ, ನಿಮ್ಮ ಮುತ್ಯಾ ನನ್ನ ಬಿಡಿಸಿದ. ಈ ಹುಡುಗಿ ಸಾಲಿಗೆ ಹೋಗೂತನಕ ನಾ ಇಲ್ಲೇ' ಅಂದರಂತೆ. ಹಿರಿಯರು, ಎದ್ದು ಹೋಗಿ ಅನ್ನಲು ಬರುವುದಿಲ್ಲ. ಹನ್ನೊಂದು ದಿನ ಇದ್ದರು. ಕೂಸನ್ನು ತಾವೇ ನೋಡಿಕೊಂಡರು. ಹನ್ನೆರಡನೇ ದಿನ ಹುಡುಗಿಯ ಜೊತೆ ಬಸ್ಸಿನಲ್ಲಿ ಹೈಸ್ಕೂಲಿನವರೆಗೂ ಹೋಗಿ, ಬಿಟ್ಟು, ಅಲ್ಲಿಂದಲೇ ಪುಣೆಗೆ ಹೊರಟು ಬಂದರು.  ಆ ಹುಡುಗಿ ಈ ವರ್ಷ ಎಸ್ಸೆಸ್ಸೆಲ್ಸಿ.

ಈ ಕಾರಣಕ್ಕೇ, 'ನಾವೂ ಬಿಡಿಸಬಹುದಾ' ಅಂತ ಯಾರಾದರೂ ಕೇಳಿದರೆ ನಾನು ತಕ್ಷಣ ಹೂಂ ಅನ್ನುವುದಿಲ್ಲ. ಮಗುವಿಗೆ ಶಾಲೆ ಇಷ್ಟವಿದ್ದರೆ ಬೇಡ. ಹಗಲು ಹೊತ್ತು ಮನೆಯಲ್ಲಿ ದೊಡ್ಡವರು ಇಲ್ಲದಿದ್ದರೆ ಬೇಡ. ಗಂಡ ಹೆಂಡತಿ ಇಬ್ಬರಿಗೂ ಒಪ್ಪಿಗೆ ಇಲ್ಲದಿದ್ದರೆ ಖಂಡಿತ ಬೇಡ, ಮಗು ಜಗಳದ ಸಾಮಾನಾಗುತ್ತದೆ. ಪಕ್ಕದ ಮನೆಯ ಮಗುವಿಗಿಂತ ಮುಂದೆ ಹೋಗಲಿ ಅನ್ನುವ ಆಸೆಯಿಂದ ಬಿಡಿಸುವುದಾದರೆ, ಕೋಚಿಂಗ್ ಕ್ಲಾಸುಗಳು ಬೇಕಾದಷ್ಟಿವೆ. ಹತ್ತನೆಯ, ಹನ್ನೆರಡನೆಯ ಪರೀಕ್ಷೆ ಇಲ್ಲದೆ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿದ ಮುಂಬಯಿ ಹುಡುಗಿಯ ಸುದ್ದಿ 2016ರಲ್ಲಿ ಬಂದಿತ್ತು, ಅದನ್ನು ಈಗಲೂ ನನಗೆ ವಾಟ್ಸಾಪ್ ಮಾಡುತ್ತಾರೆ. ಆ ಹುಡುಗಿ ಅಂತರರಾಷ್ಟ್ರೀಯ ಒಲಿಂಪಿಯಾಡ್ ಪದಕ ಗೆದ್ದವಳು. ನಮ್ಮ ಮಗಳು ಬಸ್ಸಿನ ಟೈಮ್ ಬರೆದವಳು. ಅವಳಿಗೆ ಮುಂದೆ ನಗರ ಯೋಜನೆ ಓದಬೇಕು ಅಂತ ಇದೆ, ಸಿಗುತ್ತದೋ ಇಲ್ಲವೋ ನೋಡಬೇಕು.

ಈ ಸಲದ ಜೂನ್‌ನಲ್ಲಿ ಮಗನ ಚೀಟಿಯಲ್ಲಿ ಮೊದಲ ಬಾರಿಗೆ 'ವಿಚಾರ ಮಾಡಬೇಕು' ಅಂತ ಇತ್ತು. ಯಾಕೆ ಅಂತ ಕೇಳಿದೆವು. ಅವನ ಗೆಳೆಯನಿಗೆ ಬೇರೆ ಡಿವಿಷನ್ ಬಂದಿತ್ತಂತೆ. ವಾರದ ಮೇಲೆ ಡಿವಿಷನ್ ಬದಲಾಯಿತು, ಚೀಟಿಯೂ ಬದಲಾಯಿತು.

ಕಾರ್ಯದರ್ಶಿಯವರು ಎರಡನೇ ಸಲ ಸಮಯದ ಚೀಟಿ ಕಳಿಸಿದ್ದಾರೆ, ಮುಗಿಸುತ್ತೇನೆ. ಎನ್‌ಐಒಎಸ್ ವಿಷಯಗಳ ಪಟ್ಟಿ, ಅರ್ಜಿ ತುಂಬುವ ಬಗೆ ಬೇಕಾದವರು ಚಹಾ ಹೊತ್ತಿನಲ್ಲಿ ಆ ಕಿಟಕಿ ಪಕ್ಕ ಕೂತಿರುವ ನಮ್ಮ ಮಗಳನ್ನು ಕೇಳಿ. ಶಾಲೆ ಬಿಟ್ಟದ್ದರ ಬಗ್ಗೆಯೂ ನನ್ನನ್ನು ಕೇಳುವುದಕ್ಕಿಂತ ಅವಳನ್ನೇ ಕೇಳುವುದು ಒಳ್ಳೆಯದು. ಅಂಕ ಮಾತ್ರ ಕೇಳಬೇಡಿ.